ಕಪ್ಪಿನೊಳಗಿನ ಹನ್ನೊಂದು ಅಂಕಿ

ದಿನಾಂಕ 5–2–2024, ಸೋಮವಾರ. ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಮೇಘನಾ ಎಂಬ ಮೂವತ್ತೊಂದು ವರ್ಷದ ಹೆಂಗಸು ತೀರ್ಥಹಳ್ಳಿ ಠಾಣೆಗೆ ಬಂದು, ಒಂದು ಪುಟದ ಕೈಬರಹದ ದೂರನ್ನು ಇನ್‌ಸ್ಪೆಕ್ಟರ್ ಪೂರ್ಣೇಶನ ಮೇಜಿನ ಮೇಲಿಟ್ಟಳು. ಹಿಂದಿನ ದಿನ ಸಂಜೆ ಅವಳ ಗಂಡ ನಿಶಾಂತ್ ಕವಲೇದುರ್ಗದ ಪಶ್ಚಿಮ ಕೊತ್ತಲದಿಂದ ಕೆಳಗೆ ಬಿದ್ದು ಸತ್ತಿದ್ದ. ಅವನು ಕ್ಯಾಮೆರಾಮನ್; ಕೋಟೆಯ ಮೇಲೊಂದು ಸಾಕ್ಷ್ಯಚಿತ್ರ ತೆಗೆಯಲು ಇನ್ನಿಬ್ಬರೊಂದಿಗೆ ಹೋಗಿದ್ದ. ಠಾಣೆಯಲ್ಲಿ ಅಸಹಜ ಸಾವು ಎಂದು ಪ್ರಕರಣ ದಾಖಲಾಗಿತ್ತು.

“ಕಾಲು ಜಾರಿ ಅಂತ ಬರ್ದಿದೀರಿ. ಜಾರೋ ಜಾಗಕ್ಕೆ ಅವರು ಹೋಗೋರೇ ಅಲ್ಲ” ಎಂದಳು.

“ಅಂದರೆ?”

“ಬಾವಿಕಟ್ಟೆ ಹತ್ರ ನಿಲ್ತಿರ್ಲಿಲ್ಲ ಸಾರ್. ಮನೇಲಿ ಬಲ್ಬ್ ಹೋದ್ರೆ ಸ್ಟೂಲ್ ಹತ್ತೋಳು ನಾನು. ಎತ್ತರ ಅಂದ್ರೆ ಕೈಕಾಲು ನಡುಗ್ತಿತ್ತು. ಅಂಚಿಂದ ಇಪ್ಪತ್ತಡಿ ಒಳಗೇ ಇರ್ತೀನಿ ಅಂತ ಮಾತು ಕೊಟ್ಟು ಹೋಗಿದ್ರು.”

“ಯಾರ ಮೇಲಾದರೂ ಅನುಮಾನ?”

“ಹೆಸರು ಹೇಳೋಕೆ ನಂಗೆ ಯಾರೂ ಇಲ್ಲ. ಆದ್ರೆ ಅವರಾಗೇ ಹೋಗಿಲ್ಲ. ಯಾರೋ ಕರ್ಕೊಂಡು ಹೋಗಿದಾರೆ.”

ಪೂರ್ಣೇಶ್ ಗಣಿತದ ಪದವೀಧರ. ಅಳುವಿಗಿಂತ ಅಳತೆಯನ್ನು ನಂಬುವವನು. ರಾತ್ರಿಯ ಶವ ಪಂಚನಾಮೆಯನ್ನು ತೆಗೆದು ಇನ್ನೊಮ್ಮೆ ಓದಿದ. ಗೋಡೆಯ ಎತ್ತರ ನಲವತ್ತೆರಡು ಅಡಿ. ಗೋಡೆಯ ಬುಡದಿಂದ ಶವಕ್ಕೆ ಇದ್ದ ದೂರ ಒಂಬತ್ತು ಅಡಿ. ನೇರ ಗೋಡೆಯ ಅಂಚಿನಲ್ಲಿ ಕಾಲು ಜಾರಿದವನು ಬುಡದ ಹತ್ತಿರ ಬೀಳುತ್ತಾನೆ. ಒಂಬತ್ತು ಅಡಿ ದೂರಕ್ಕೆ ಬೀಳಬೇಕಾದರೆ ಅವನು ಹಾರಿರಬೇಕು, ಇಲ್ಲವೇ ಯಾರೋ ತಳ್ಳಿರಬೇಕು. ಸ್ಟೂಲು ಹತ್ತಲು ಹೆದರುವವನು ಹಾರುವುದಿಲ್ಲ. 11 ಗಂಟೆ 15ಕ್ಕೆ ಅಪರಿಚಿತ ಆರೋಪಿಯ ವಿರುದ್ಧ ಕೊಲೆಯ ಎಫ್‌ಐಆರ್ ದಾಖಲಾಯಿತು.

ಆ ಮಧ್ಯಾಹ್ನ ಪೂರ್ಣೇಶ್ ಮತ್ತು ಹೆಡ್ ಕಾನ್‌ಸ್ಟೆಬಲ್ ನಿರಂಜನ ಕೋಟೆ ಹತ್ತಿದರು. ಕೊತ್ತಲದ ಪಕ್ಕದಲ್ಲಿ ಒಂದು ಕಲ್ಲುಮಂಟಪ. ಅದರ ಮುಂಬಾಗಿಲಿಗೆ ಎದುರಾಗಿ ಟ್ರೈಪಾಡಿನ ಮೂರು ಗುರುತು ಮಣ್ಣಿನಲ್ಲಿ ಇನ್ನೂ ಇದ್ದವು. ಗುರುತಿನಿಂದ ಅಂಚಿಗೆ ಇಪ್ಪತ್ತಮೂರು ಅಡಿ. ಹೆಂಡತಿಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಂಡಿದ್ದ. ಮಂಟಪದ ಹಿಂಬದಿಯಲ್ಲಿ ಆಳು ದಾಟುವಷ್ಟಿದ್ದ ಕಿಂಡಿಯಿಂದ ಹೊರಬಂದರೆ ಮಾತ್ರ ನಾಲ್ಕು ಹೆಜ್ಜೆಗೇ ಪ್ರಪಾತ.

ತಂಡದಲ್ಲಿದ್ದವರು ಮೂವರು: ಸತ್ತ ನಿಶಾಂತ್, ಧ್ವನಿ ಹಿಡಿಯುವ ದೀಪಕ್, ಮತ್ತು ಸಾಗರದ ಶ್ರೀಕರ. ತೆಗೆದ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬೆಳಕು ಹದಗೊಳಿಸಿ ಬಣ್ಣ ಕೂರಿಸುವುದು ಶ್ರೀಕರನ ಕೆಲಸ. ಶೂಟಿಂಗಿನ ದಿನ ಕ್ಯಾಮೆರಾದ ಕಾರ್ಡುಗಳನ್ನು ಪ್ರತಿ ಮಾಡಿಕೊಳ್ಳುವುದೂ ಅವನದೇ. ಸಂಜೆ ನಾಲ್ಕು ಗಂಟೆಗೇ ಕೆಳಗಿಳಿದು ಕಾರಿನಲ್ಲಿ ಕೂತು ಪ್ರತಿ ಮಾಡುತ್ತಿದ್ದೆ ಎಂದು ಅವನು ಹೇಳಿಕೆ ಕೊಟ್ಟಿದ್ದ.

ದೀಪಕನನ್ನು ಕೊಳದ ದಡದಲ್ಲಿ ನಿಲ್ಲಿಸಿ ಕೇಳಿದರು.

“ನಾನು ಇಲ್ಲೇ ಹಕ್ಕಿ ಸದ್ದು ಹಿಡೀತಿದ್ದೆ ಸಾರ್. ಇಪ್ಪತ್ತೆರಡು ನಿಮಿಷ, ಒಂದೇ ಉಸಿರಲ್ಲಿ. ನನ್ನ ಕೆಮ್ಮೂ ಇದೆ ಅದ್ರಲ್ಲಿ.”

“ಕ್ಯಾಮೆರಾ?”

“4:52ಕ್ಕೆ ಬ್ಯಾಟರಿ ಬದಲಾಯಿಸೋಕೆ ಹೋದೆ. ಕೆಂಪು ಲೈಟ್ ಉರೀತಿತ್ತು, ರೆಕಾರ್ಡ್ ಆಗ್ತಾನೇ ಇತ್ತು. ಮನುಷ್ಯ ಇಲ್ಲ. ನಾನೇ ನಿಲ್ಲಿಸ್ದೆ. ಎಲ್ಲೋ ಆಚೆ ಹೋಗಿರ್ಬೇಕು ಅಂದ್ಕೊಂಡೆ.” ಅವನು ಮಂಟಪದ ದಿಕ್ಕಿಗೆ ಕೈ ತೋರಿಸಿದ. “ಕಾರ್ಡ್ ಶ್ರೀಕರಣ್ಣಂಗೆ ಕೊಟ್ಟೆ. ಯಾವಾಗ್ಲೂ ಅವ್ರಿಗೇ ಕೊಡೋದು.”

ಇಪ್ಪತ್ತೆರಡು ನಿಮಿಷದ ಧ್ವನಿಯನ್ನು ಪೂರ್ಣೇಶ್ ಪೂರ್ತಿ ಕೇಳಿದ. ಹಕ್ಕಿ, ಗಾಳಿ, ನಾಲ್ಕು ಸಲ ಕೆಮ್ಮು. 4 ಗಂಟೆ 50ಕ್ಕೆ ಬಹಳ ದೂರದಲ್ಲಿ, ಅರ್ಧಕ್ಕೇ ನಿಂತ ಒಂದು ಸಣ್ಣ ಕೂಗು. ನಿರಂಜನ ಹೆಡ್‌ಫೋನನ್ನು ಕಿವಿಯಿಂದ ತೆಗೆದು ಇನ್ನೊಮ್ಮೆ ಹಾಕಿಕೊಳ್ಳಲಿಲ್ಲ.

ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿದ್ದು ಮಂಜಯ್ಯನೆಂಬ ರೈತನ ಗದ್ದೆಯ ಬದಿ.

“ಕಾರಿತ್ತು ಸಾಮಿ. ಒಳ್ಗೆ ಲ್ಯಾಪ್‌ಟಾಪು ಮಿಣಿಮಿಣಿ ಅಂತಿತ್ತು. ಮನ್ಷ ಇದ್ನೋ ಇಲ್ವೋ ನಾ ಬಗ್ಗಿ ನೋಡ್ಲಿಲ್ಲ. ಐದೂ ಕಾಲಿಗೆ ಕಂಡ. ಒಂದು ಬಾಟ್ಲಿ ನೀರು ಗಟಗಟ ಕುಡ್ದ.”

“ಅವನನ್ನು ಮೊದಲೂ ನೋಡಿದ್ದಿರಾ?”

“ಬೆಳಿಗ್ಗೆ ಬಂದ್ರಲ್ಲ, ಆಗ. ಎಂತ ಜನ ಮಾರಾಯ್ರೆ, ಹಗಲು ಹೊತ್ನಲ್ಲಿ ಕುತ್ಗೆಗೆ ಬ್ಯಾಟ್ರಿ ನೇತಾಕ್ಕೊಂಡು! ಸೂರ್ಯ ಸಾಲ್ದಾ ನಿಮ್ಗೆ ಅಂತ ಕೇಳ್ದೆ. ನಗ್ಲಿಲ್ಲ ಅವ.”

ಈ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ. ನಿರಂಜನ ಅದನ್ನೂ ಬರೆದುಕೊಂಡ.

6ನೇ ತಾರೀಖು, ಮಂಗಳವಾರ, 12 ಗಂಟೆಗೆ ಶ್ರೀಕರ ಆ ಕೊನೆಯ ಚಿತ್ರದ ಪ್ರತಿಯೊಂದಿಗೆ ಠಾಣೆಗೆ ಬಂದ. ನಲವತ್ತಾರು ವಯಸ್ಸು, ಶುಭ್ರ ಅಂಗಿ, ಮೆಲುದನಿ. ಕಾರು ಓಡಿಸಿಕೊಂಡು ಬಂದವಳು ಅವನ ಸಹಾಯಕಿ ವಿನಯಾ. ಬಿಸಿಲಿನಿಂದ ಠಾಣೆಯ ಪಡಸಾಲೆಗೆ ಹತ್ತುವಾಗ ಶ್ರೀಕರ ಅವಳ ಭುಜದ ಮೇಲೆ ಕೈಯಿಟ್ಟ. ಹಿರಿಯ ಕಿರಿಯಳ ಮೇಲೆ ಸಲುಗೆಯಿಂದ ಇಟ್ಟಂತೆ ಪೂರ್ಣೇಶನಿಗೆ ತೋರಿತು.

“ಮೂಲ ಯಾಕೆ ತರಲಿಲ್ಲ?”

“ಮೂಲ ರಾ ಫೈಲ್, ನಿಮ್ಮ ಕಂಪ್ಯೂಟರಲ್ಲಿ ತೆರೆಯೋದಿಲ್ಲ ಸಾರ್. ತೆರೆದ್ರೂ ಬೂದಿ ಕದಡಿದ ನೀರಿನ ಥರ ಕಾಣುತ್ತೆ. ಬಿಸಿಲಿನ ಕಲ್ಲು, ಒಳಗಿನ ನೆರಳು ಎರಡನ್ನೂ ಕ್ಯಾಮೆರಾ ಒಟ್ಟಿಗೆ ಹಿಡಿದಿಟ್ಟಿರುತ್ತೆ. ಹದಿಮೂರು ಮೆಟ್ಟಿಲು, ಒಂದೊಂದು ಮೆಟ್ಟಿಲಿಗೆ ಬೆಳಕು ಇಮ್ಮಡಿ. ಸ್ಕ್ರೀನು ತೋರಿಸೋದು ಆರೋ ಏಳೋ ಮಾತ್ರ.”

ಹದಿಮೂರು ಸಲ ಇಮ್ಮಡಿಸಿದರೆ ಎಂಟು ಸಾವಿರದ ನೂರ ತೊಂಬತ್ತೆರಡು. ಪೂರ್ಣೇಶ್ ಮನಸ್ಸಿನಲ್ಲೇ ಎಣಿಸಿದ.

“ಉಳಿದದ್ದನ್ನು ಕತ್ತರಿಸಿ ಬಿಸಾಕುತ್ತೀರಾ?”

ಶ್ರೀಕರನಿಗೆ ಆ ಮಾತು ನೋವುಂಟುಮಾಡಿದಂತಿತ್ತು. “ಕತ್ತರಿಸೋರು ಕೆಲಸ ಕಲಿಯದೇ ಇದ್ದೋರು. ನಾನು ಒತ್ತಿ ಕೂರಿಸ್ತೀನಿ, ಅಷ್ಟೆ. ಒತ್ತಿದ್ದು ಮತ್ತೆ ಏಳುತ್ತೆ, ಕತ್ತರಿಸಿದ್ದು ಏಳೋದಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರಿಗೂ ಹರುಕು ಫೈಲ್ ಕೊಟ್ಟವನಲ್ಲ.”

“ಮೂಲ ಎಲ್ಲಿದೆ?”

“ಸ್ಟುಡಿಯೋದಲ್ಲಿ. ಎರಡು ಡ್ರೈವಲ್ಲಿ ಎರಡು ಪ್ರತಿ, ಎರಡು ಬೀಗ. ಒಂದು ಬೀಗ ನಂದು, ಒಂದು ಇವಳದು. ನಾನೇ ಮಾಡಿದ ನಿಯಮ.”

“ಗುರುವಾರ ಬಂದು ಜಪ್ತಿ ಮಾಡುತ್ತೇವೆ. ಯಾವುದನ್ನೂ ಮುಟ್ಟಬೇಡಿ.”

ಬುಧವಾರ ಪೂರ್ಣೇಶನಿಗೆ ಶಿವಮೊಗ್ಗದ ನ್ಯಾಯಾಲಯದಲ್ಲಿ ಸಾಕ್ಷ್ಯವಿತ್ತು. ಹಾಗಾಗಿ ಗುರುವಾರ ಎಂದ. ಎರಡು ದಿನದ ಅವಧಿಯನ್ನು ತಾನೇ ಕೊಟ್ಟೆನೆಂಬುದು ಅವನಿಗೆ ಆಮೇಲೆ ಹೊಳೆದದ್ದು.

ಚಿತ್ರ ಆರು ನಿಮಿಷ ಹತ್ತು ಸೆಕೆಂಡು. ಗಾತ್ರ ಮೂವತ್ತನಾಲ್ಕು ಜಿಬಿ. ಧ್ವನಿ ಇರಲಿಲ್ಲ. ಬಿಸಿಲಿಗೆ ಹೊಳೆಯುವ ಕಲ್ಲುಮಂಟಪ, ನಡುವೆ ಬಾಗಿಲು, ಬಾಗಿಲೊಳಗೆ ಕಪ್ಪು. ನಿಶಾಂತ್ ಮುಂದೆ ಓಡಾಡುತ್ತಾನೆ, ಕಲ್ಲಿನ ಮೇಲೆ ಬಿದ್ದ ಎಲೆ ತೆಗೆಯುತ್ತಾನೆ, ಲೆನ್ಸ್ ಒರೆಸುತ್ತಾನೆ. ಮೂರು ನಿಮಿಷ ಹನ್ನೆರಡು ಸೆಕೆಂಡಿಗೆ ಬಾಗಿಲೊಳಗೆ ಹೋಗುತ್ತಾನೆ. ಮರಳುವುದಿಲ್ಲ. ಉಳಿದ ಸುಮಾರು ಮೂರು ನಿಮಿಷ ಬರೀ ಕಲ್ಲು ಮತ್ತು ಕಪ್ಪು. ಕೊನೆಗೆ ಕ್ಯಾಮೆರಾ ನಿಲ್ಲಿಸಲು ಬಂದ ದೀಪಕನ ಕೈ.

“ಒಬ್ನೇ ಹೋದ ಸಾರ್” ಎಂದ ನಿರಂಜನ.

ಪೂರ್ಣೇಶ್ ಅದನ್ನು ಹದಿನಾಲ್ಕು ಸಲ ನೋಡಿದ. ಬುಧವಾರ ಸಂಜೆ, ಹದಿನಾಲ್ಕನೆಯ ಸಲದಲ್ಲಿ, ಅವನು ಚಿತ್ರವನ್ನು ತಡೆದು ನಿಲ್ಲಿಸಿದ. ಬಾಗಿಲ ಕಡೆ ಹೆಜ್ಜೆಯಿಡುವ ಮೊದಲು ನಿಶಾಂತ್ ತಲೆಯೆತ್ತಿ ಕಪ್ಪಿನ ಕಡೆ ನೋಡುತ್ತಾನೆ. ಒಮ್ಮೆ ತಲೆಯಾಡಿಸುತ್ತಾನೆ. ಯಾರೋ ಏನೋ ಕೇಳಿದರೆ ‘ಆಗಲಿ’ ಎನ್ನುವ ಹಾಗೆ.

ಖಾಲಿ ಕತ್ತಲೆಗೆ ಯಾರೂ ತಲೆಯಾಡಿಸುವುದಿಲ್ಲ.

ಗುರುವಾರ ಬೆಳಿಗ್ಗೆ 8:30ಕ್ಕೆ, ಸಾಗರಕ್ಕೆ ಹೊರಡುವ ಮುನ್ನ, ಅವರು ಪ್ರತಿಯನ್ನು ತೀರ್ಥಹಳ್ಳಿ ಪೇಟೆಯ ಮದುವೆ ವಿಡಿಯೋಗ್ರಾಫರ್ ಹೂವಯ್ಯನ ಅಂಗಡಿಗೆ ಒಯ್ದರು.

“ಕಪ್ಪೊಳಗೆ ಎಂತ ಇದೆ ನೋಡ್ಬೇಕಾ?” ಎಂದ ಹೂವಯ್ಯ. “ಅದೇ ನನ್ನ ಕಸುಬು ಸಾರ್. ಬೀಗರ ಕಡೆಯೋರ ಮುಖ ಕಪ್ಪಾಗಿ ಬಂದ್ರೆ ನನ್ನ ಮುಖಕ್ಕೆ ಬರ್ತಾರೆ.”

ಅವನು ಬಾಗಿಲೊಳಗಿನ ಕಪ್ಪಿನ ಮೇಲೆ ಬಾಣದ ಗುರುತಿಟ್ಟು, ಅಲ್ಲಲ್ಲಿಯ ಬೆಳಕಿನ ಮಟ್ಟ ತೋರಿಸುವ ಅಂಕಿಗಳನ್ನು ಓದತೊಡಗಿದ. “ನಿಜವಾದ ಕಪ್ಪಾದ್ರೆ ಎಲ್ಲಿ ಇಟ್ರೂ ಒಂದೇ ಅಂಕಿ ಬರ್ಬೇಕು, ಅರವತ್ನಾಲ್ಕು. ಇಲ್ಲಿ ಅರವತ್ನಾಲ್ಕು. ಇಲ್ಲಿ ಅರವತ್ತೇಳು. ಇಲ್ಲಿ… ಎಪ್ಪತ್ತು.” ಅವನ ತಮಾಷೆ ನಿಂತುಹೋಗಿತ್ತು. ಪೂರ್ಣೇಶ್ ಬರೆದುಕೊಳ್ಳುತ್ತ ಹೋದ. ಅರವತ್ತನಾಲ್ಕರಿಂದ ಎಪ್ಪತ್ತನಾಲ್ಕರವರೆಗೆ ಒಂದೂ ಬಿಡದೆ ಹನ್ನೊಂದು ಅಂಕಿ.

“ಬೇಕಂತ್ಲೇ ಒತ್ತಿದಾರೆ ಸಾರ್, ಈ ಬಾಗ್ಲಷ್ಟನ್ನೇ. ಆದ್ರೆ ಕತ್ತರ್ಸಿಲ್ಲ. ಮತ್ತೆ ದೊಡ್ಡ ಫೈಲೇ ಕೊಟ್ಟಿದಾರೆ. ಫೋನಿಗೆ ಕಳ್ಸೋ ಅಂಥದ್ದು ಕೊಟ್ಟಿದ್ರೆ ಈ ಹನ್ನೊಂದು ಮೂರಾಗ್ತಿತ್ತು. ಮೂರರಲ್ಲಿ ಮಣ್ಣೂ ಕಾಣಲ್ಲ.”

“ಹನ್ನೊಂದರಲ್ಲಿ?”

ಹೂವಯ್ಯ ಅಂಗಡಿಯ ಪರದೆ ಎಳೆದು, ಹನ್ನೊಂದು ಅಂಕಿಗಳನ್ನು ನಿಧಾನವಾಗಿ ಹಿಗ್ಗಿಸಿದ. ಕಪ್ಪು ಕಂದಾಯಿತು; ಕಂದು ಒಡೆದು ಕಲೆಕಲೆಯಾಯಿತು. ಕಲೆಗಳ ನಡುವೆ ಒಂದು ಕಂಬ ಎದ್ದಿತು. ಕಂಬದ ಪಕ್ಕ ಇನ್ನೊಂದು ಕಂಬ. ಎರಡನೆಯದಕ್ಕೆ ಹೆಗಲಿತ್ತು.

ಮುಖ ತಿಳಿಯುತ್ತಿರಲಿಲ್ಲ. ಆದರೆ ಅದು ಕ್ಯಾಮೆರಾದ ಕಡೆಗೇ ಮುಖಮಾಡಿ ನಿಂತಿತ್ತು. ಚಿತ್ರದ ಮೊದಲ ಸೆಕೆಂಡಿನಿಂದ ನಿಂತಿತ್ತು. ಹದಿನಾಲ್ಕು ಸಲ ನೋಡಿದಾಗಲೂ ಅದು ತನ್ನನ್ನೇ ನೋಡುತ್ತಿತ್ತೆಂದು ನೆನೆದು ಪೂರ್ಣೇಶ್ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ. ಆಕೃತಿಯ ಎದೆಯ ಮೇಲೆ, ಕುತ್ತಿಗೆಯಿಂದ ಇಳಿಬಿದ್ದ ಗಿಡ್ಡ ಕೋಲಿನಂಥದೊಂದು ತೂಗುತ್ತಿತ್ತು.

“ಬ್ಯಾಟ್ರಿ” ಎಂದ ನಿರಂಜನ, ಪಿಸುಮಾತಿನಲ್ಲಿ.

ಮಂಗಳವಾರ ಠಾಣೆಗೆ ಬಂದಾಗ ಶ್ರೀಕರನ ಕುತ್ತಿಗೆ ಬರಿದಾಗಿತ್ತು. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ದಾರದಗಲ ಬಿಳಿಯ ಗೆರೆಯೊಂದಿದ್ದದ್ದು ಪೂರ್ಣೇಶನಿಗೆ ಈಗ ನೆನಪಾಯಿತು.

11 ಗಂಟೆ 10ಕ್ಕೆ ಜೀಪು ಹೊಸನಗರ ದಾಟುವಾಗ ಫೋನಿಗೆ ಸಿಗ್ನಲ್ ಬಂತು. ಮಂಗಳವಾರದ ಮಹಜರಿಗೆ ಸಹಿ ಹಾಕುವಾಗ ವಿನಯಾ ತನ್ನ ನಂಬರ್ ಬರೆದಿದ್ದಳು.

“ಫೋನ್ ಬೇಡ ಸಾರ್. ಸೀದಾ ಹೋಗುವ” ಎಂದ ನಿರಂಜನ.

ಮೂಲ ಅಲ್ಲಿದೆಯೆಂದು ಖಚಿತವಾಗದೆ ಶೋಧನೆಗೆ ಕೈಹಾಕುವುದು ಪೂರ್ಣೇಶನ ಕ್ರಮವಲ್ಲ. ಅವನು ಫೋನ್ ಮಾಡಿದ.

“ನಿಮ್ಮ ಬೀಗದಲ್ಲಿರುವ ಡ್ರೈವ್ ಸುರಕ್ಷಿತವಾಗಿದೆಯಾ?”

“ಇದೆ ಸಾರ್. ಅವರ ಡ್ರೈವ್ ಮೊನ್ನೆ ಕೆಟ್ಟೋಯ್ತಂತೆ. ನಂದನ್ನೂ ಇವತ್ತು ಅಳಿಸಿ ಕೊಡು ಅಂದ್ರು, ಬೇರೆ ಕೆಲ್ಸಕ್ಕೆ ಬೇಕಂತೆ. ನೀವು ಮುಟ್ಬೇಡಿ ಅಂದಿದ್ರಲ್ಲ ಅಂದೆ. ಎದ್ದು ಒಳಗೆ ಹೋದ್ರು.”

“ಅಳಿಸಬೇಡಿ. ಆ ಚಿತ್ರಕ್ಕೆ ಬಣ್ಣ ಕೂರಿಸುವಾಗ ನೀವು ಇದ್ದಿರಾ?”

“ಇಲ್ಲ, ಬಾಗ್ಲು ಹಾಕ್ಕೊಂಡು ಒಬ್ರೇ ಮಾಡಿದ್ರು. ಅದೇ ನಂಗೂ ಸೋಜಿಗ. ಎಂಟು ತಿಂಗ್ಳಿಂದ ಪ್ರತಿ ಶಾಟಿಗೂ ನನ್ನ ಪಕ್ಕ ಕೂರಿಸ್ಕೊಂಡು, ನೆರಳಲ್ಲಿ ಏನೇನು ಕಾಣ್ತು ಹೇಳು ಅಂತಿದ್ರು. ನಂಗೆ ಕಲಿಸ್ತಿದಾರೆ ಅಂದ್ಕೊಂಡು ನಾನು…”

ಮುಂದಿನ ಮಾತು ಬರುವಷ್ಟರಲ್ಲಿ ಜೀಪು ಒಂದು ತಿರುವು ದಾಟಿತು.

“ಸಾರ್… ಅವರಿಗೆ ಕಾಣ್ತಿರ್ಲಿಲ್ವಾ?”

ಆಗ ಅವಳ ಹಿಂದಿನಿಂದ ಒಂದು ಮೆಲುದನಿ, ಅವರಿಬ್ಬರ ಮನೆಮಾತಿನಲ್ಲಿ: “ಯಾರದು ಫೋನು, ತಂಗೀ? ಪೆಟ್ಟಿಗೆಲಿ ಹಾಕಿ ಒಳಗೆ ಬಾ. ನಿನ್ನ ಡ್ರೈವೂ ತಗಂಡು ಬಾ.”

ಮರದ ಮುಚ್ಚಳ ಬಿದ್ದ ಸದ್ದು. ಕರೆ ಕಡಿದಿರಲಿಲ್ಲ. ಭಾರವಾದ ಬಾಗಿಲೊಂದು ಮುಚ್ಚಿತು, ಚಿಲಕ ಸರಿಯಿತು. ಆಮೇಲೆ ಫೋನಿನಲ್ಲಿ ಉಳಿದದ್ದು ಪೆಟ್ಟಿಗೆಯೊಳಗಿನ ಮೌನ. ಕಾಡು ಶುರುವಾದಾಗ ಅದೂ ಹೋಯಿತು.

ಶ್ರೀಕರನ ಸ್ಟುಡಿಯೋ ಸಾಗರದಿಂದ ವರದಮೂಲದ ದಾರಿಯಲ್ಲಿರುವ ಹಳೆಯ ಅಕ್ಕಿ ಗಿರಣಿಯ ಗೋದಾಮು. ಜೀಪಿನಿಂದ ಅಲ್ಲಿಗೆ ನಲವತ್ತೊಂದು ಕಿಲೋಮೀಟರು. ಗಂಟೆಗೆ ಐವತ್ತರಂತೆ ನಲವತ್ತೊಂಬತ್ತು ನಿಮಿಷ. ಸಾಗರಕ್ಕೆ ವೈರ್‌ಲೆಸ್ ಮಾಡಿದರೆ ಅಲ್ಲಿಯ ಜೀಪು ಜೋಗದ ರಸ್ತೆಯಲ್ಲಿ ಅಪಘಾತವೊಂದರ ಬಳಿ ಇತ್ತು. ಅವರಿಗೂ ಅಷ್ಟೇ ಹೊತ್ತು. ಒಬ್ಬ ಮನುಷ್ಯನ ಉಸಿರು ನಿಲ್ಲಿಸಲು ಎಷ್ಟು ನಿಮಿಷ ಸಾಕೆಂಬುದು ಪೂರ್ಣೇಶನಿಗೆ ಮರಣೋತ್ತರ ವರದಿಗಳಿಂದ ಗೊತ್ತಿತ್ತು. ನಲವತ್ತೊಂಬತ್ತನ್ನು ಅದರಿಂದ ಭಾಗಿಸಲು ಹೊರಟ ಮನಸ್ಸನ್ನು ಅವನು ತಡೆದ. ಸಿಗ್ನಲ್ ಸಿಕ್ಕಲ್ಲೆಲ್ಲ ಅವಳಿಗೆ ಫೋನ್ ಮಾಡಿದ. ರಿಂಗಾಗುತ್ತಿತ್ತು. ಯಾರೂ ಎತ್ತಲಿಲ್ಲ.

ನಿರಂಜನ ‘ನಾ ಹೇಳಿರ್ಲಿಲ್ವಾ’ ಎನ್ನಲಿಲ್ಲ. ಎಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸಮಯ 12 ಗಂಟೆ 2 ನಿಮಿಷ. ಗೋದಾಮಿನ ಅಂಗಳದಲ್ಲಿ ಕಾರಿತ್ತು. ಬಿಸಿಲು ನೆತ್ತಿಯ ಮೇಲಿತ್ತು. ಕಿಟಕಿಯಿಲ್ಲದ ಗೋಡೆಗೆ ಒಂದೇ ಬಾಗಿಲು. ಬಾಗಿಲ ಪಕ್ಕ ಗೋಡೆಗೆ ಹೊಡೆದ ಮರದ ಪೆಟ್ಟಿಗೆ. ಪರದೆಯ ಬಣ್ಣ ನೋಡುವ ಕಣ್ಣಿಗೆ ಬೇರೆ ಬೆಳಕು ಬೀಳಬಾರದೆಂದು ಒಳಹೋಗುವವರೆಲ್ಲ ಫೋನನ್ನು ಅದರಲ್ಲಿ ಬಿಡುವುದು ಅಲ್ಲಿಯ ಪದ್ಧತಿ. ಪೂರ್ಣೇಶ್ ಮುಚ್ಚಳ ಎತ್ತಿದ. ಎರಡು ಫೋನು. ಒಂದರ ಮೇಲೆ ಅವನದೇ ನಂಬರು, ಒಂಬತ್ತು ಸಲ.

“ಸಾರ್, ಏಸಿ ನಿಂತಿದೆ” ಎಂದ ನಿರಂಜನ. ಹೊರಗಿನ ಮೀಟರಿನಲ್ಲಿ ಕರೆಂಟಿತ್ತು. ಒಳಗೆ ಯಾರೋ ಮೇನ್ ಸ್ವಿಚ್ ಎಳೆದಿದ್ದರು.

ಪೂರ್ಣೇಶ್ ನೆಲಕ್ಕೆ ಬಗ್ಗಿ, ಬಾಗಿಲ ಕೆಳಗಿನ ಸಂದಿಗೆ ಕಿವಿಯಿಟ್ಟ.

“ಐದು… ಆರು… ಏಳು…” ಒಳಗೆ ಯಾರೋ ಹೆಜ್ಜೆ ಎಣಿಸುತ್ತಿದ್ದರು. ಕುರ್ಚಿಯೊಂದು ಉರುಳಿತು. ಎಣಿಕೆ ನಿಂತಿತು. “ತಂಗೀ, ಕುರ್ಚಿ ಎಂತಕ್ಕೆ ಸರಿಸಿದ್ದೆ? ಹೆದ್ರಡ. ಆನು ಎಂತೂ ಮಾಡ್ತಿಲ್ಲೆ. ದೀಪ ಹಾಕು.” ಗೋಡೆ ಸವರಿದ ಸದ್ದು. ಮತ್ತೆ ಮೊದಲಿನಿಂದ: “ಒಂದು… ಎರಡು…”

ನಿರಂಜನ ಅವಳ ಹೆಸರು ಕೂಗಲು ಬಾಯಿ ತೆರೆದ. ಪೂರ್ಣೇಶ್ ಅವನ ಬಾಯಿಗೆ ಅಂಗೈ ಒತ್ತಿದ. ಅವಳು ಬದುಕಿದ್ದರೆ ಬದುಕಿರುವುದು ಸದ್ದು ಮಾಡದೆ ನಿಂತಿರುವುದರಿಂದ. ಕೂಗಿಗೆ ಅವಳು ಒಂದು ‘ಹ್ಞಾಂ’ ಎಂದರೂ ಒಳಗಿನ ಕೈಗಳಿಗೆ ದಿಕ್ಕು ಸಿಗುತ್ತದೆ. ಬಾಗಿಲು ಉಕ್ಕಿನದು, ಒಡೆಯಲು ಹೊರಟರೆ ಐದಾರು ನಿಮಿಷ ಬೇಕು, ಅಷ್ಟರಲ್ಲಿ ಆ ಕೈಗಳು ಏನು ಮಾಡಿಯಾವೆಂದು ಹೇಳುವಂತಿಲ್ಲ. ಅವನು ಎದ್ದುನಿಂತು ಬಾಗಿಲನ್ನು ಎರಡು ಸಲ ಬಡಿದ. ದನಿ ನಡುಗದಂತೆ ಒಂದೊಂದೇ ಪದ ಆಡಿದ.

“ಶ್ರೀಕರ. ಪೂರ್ಣೇಶ್ ಮಾತಾಡುತ್ತಿದ್ದೇನೆ. ಹೊರಗೆ ಒಳ್ಳೇ ಬಿಸಿಲಿದೆ. ನೀವು ನಿಂತಲ್ಲಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ನಿಮಗೆ ಗೊತ್ತು. ಎಣಿಸಿಕೊಂಡು ಬನ್ನಿ.”

ಪೂರ್ಣೇಶ್ ಅರವತ್ತರವರೆಗೆ ಎಣಿಸಿದ. ಇನ್ನೊಂದು ಅರವತ್ತು. ಮೂರನೆಯ ಅರವತ್ತಿನಲ್ಲಿ ಒಳಗಿನಿಂದ ಕೇಳಿತು: “ಒಂದು…”

ಹನ್ನೆರಡು ಹೆಜ್ಜೆಯಾಯಿತು. 12 ಗಂಟೆ 9ಕ್ಕೆ ಚಿಲಕ ಸರಿಯಿತು.

ಶ್ರೀಕರ ಹೊಸ್ತಿಲಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಬಲಗೈಗೆ ಕೇಬಲ್ ಎರಡು ಸುತ್ತು ಸುತ್ತಿತ್ತು. ನಿರಂಜನ ಅವನನ್ನು ಹಿಡಿದ. ಬಾಗಿಲ ಬೆಳಕು ಒಳಗಿನ ಬೂದು ಗೋಡೆಯವರೆಗೆ ಹೋಯಿತು. ಅಲ್ಲಿ, ಅವನು ಹೆಜ್ಜೆಯೆಣಿಸಿ ಬಂದ ಹಾದಿಯಿಂದ ಎರಡು ಮೊಳ ದೂರದಲ್ಲಿ, ವಿನಯಾ ಡ್ರೈವನ್ನು ಎದೆಗೊತ್ತಿಕೊಂಡು ಗೋಡೆಗಂಟಿ ನಿಂತಿದ್ದಳು. ಹೊಸ್ತಿಲು ದಾಟಿ ಅವಳು ಬಿಸಿಲಿಗೆ ಬಂದಳು.

“ಮೇನ್ ನಾನೇ ಎಳ್ದೆ” ಎಂದಳು ಆಮೇಲೆ. “ಕತ್ತಲಾದ್ರೆ ಅವರಿಗೆ ಕಾಣಲ್ಲ ಅಂತ ನಿಮ್ಮ ಫೋನಲ್ಲಿ ಮಾತಾಡ್ತಾ ಗೊತ್ತಾಗಿತ್ತಲ್ಲ. ದಾರಿಗೆಲ್ಲ ಕುರ್ಚಿ ತಳ್ದೆ. ಬಾಗ್ಲ ಚಿಲಕ ಸದ್ದು ಮಾಡುತ್ತೆ, ಅದಕ್ಕೆ ಆ ಕಡೆ ಹೋಗ್ಲಿಲ್ಲ. ಎರಡು ಸಲ ನನ್ನ ಪಕ್ಕದ ಗೋಡೆ ಸವರಿದ್ರು. ಒಂದ್ಸಲ ಅವರ ಉಸಿರು ಕುತ್ತಿಗೆಗೆ ತಾಗ್ತು.”

“ಟಾರ್ಚ್ ಇರಲಿಲ್ಲವಾ?”

“ಯಾವಾಗ್ಲೂ ಇರ್ತಿತ್ತು. ಸೋಮವಾರದಿಂದ ಇಲ್ಲ.”

ಸೋಮವಾರ ಶ್ರೀಕರ ಮೊದಲ ಬಾರಿ ಆ ಚಿತ್ರ ನೋಡಿದ್ದ. ಕ್ಯಾಮೆರಾ ಓಡುತ್ತಿತ್ತೆಂಬುದು ಅವನಿಗೆ ದೀಪಕ್ ಕಾರ್ಡು ಕೊಟ್ಟಾಗಲೇ ತಿಳಿದದ್ದು. ನೆರಳನ್ನು ಎತ್ತಿ ನೋಡಿದಾಗ ತನ್ನ ಎದೆಯ ಮೇಲೆ ತೂಗುವ ಟಾರ್ಚು ಕಂಡು, ಅದನ್ನು ವರದಾ ನದಿಯ ನೀರಿಗೆ ಎಸೆದ. ಚಿತ್ರ ಕಳೆದುಹೋಯಿತೆಂದು ಹೇಳುವಂತಿರಲಿಲ್ಲ, ದೀಪಕ್ ನೋಡಿದ್ದ. ಕಪ್ಪನ್ನು ಒತ್ತಿ ಕೊಟ್ಟರೆ ಅದೇ ತನ್ನ ಪರವಾದ ಸಾಕ್ಷಿಯಾದೀತೆಂದು ಎಣಿಸಿದ. ಒಂದು ಗುಂಡಿ ಒತ್ತಿ ಆ ಬಾಗಿಲನ್ನು ಅಪ್ಪಟ ಕಪ್ಪಿಗೆ ಕತ್ತರಿಸಿದ್ದರೆ ಹನ್ನೊಂದು ಅಂಕಿ ಉಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷದ ಕೈ ಕತ್ತರಿಸಲು ಒಪ್ಪಲಿಲ್ಲ.

ಪಂಚರ ಸಮಕ್ಷಮ ಡ್ರೈವ್ ಜಪ್ತಿಯಾಯಿತು. ಮೊಹರು ಮಾಡುವ ಮೊದಲು ಒಂದು ಪ್ರತಿ ತೆಗೆಯಲಾಯಿತು. 1 ಗಂಟೆ 30ಕ್ಕೆ ಬಂಧನ. ಅವನ ಬೀಗದ ಕಪಾಟಿನಲ್ಲಿ ಏಳು ತಿಂಗಳ ಹಿಂದಿನ ಕಣ್ಣಿನ ವೈದ್ಯರ ವರದಿಯೊಂದು ಸಿಕ್ಕಿತು. ಮಂದ ಬೆಳಕಿನ ದೃಷ್ಟಿ ಬಹುತೇಕ ಹೋಗಿದೆ, ಉಳಿದದ್ದೂ ಕಿರಿದಾಗುತ್ತಿದೆ, ಮರಳಿಸುವ ಚಿಕಿತ್ಸೆಯಿಲ್ಲ.

ಸಂಜೆ ತೀರ್ಥಹಳ್ಳಿ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು.

“ನಿಶಾಂತನಿಗೆ ಗೊತ್ತಾಗಿತ್ತಾ?”

“ಬೆಳಿಗ್ಗೆ ಮಂಟಪದೊಳಗೆ ಮೆಟ್ಟಿಲು ಕಾಣದೆ ಎಡವಿದೆ. ಅವನು ನೋಡಿದ. ಎಲ್ಲರಿಗೂ ಹೇಳಿಬಿಡಿ ಶ್ರೀಕರಣ್ಣ, ಇಲ್ದಿದ್ರೆ ನಾನೇ ಹೇಳ್ತೀನಿ ಅಂದ. ಒಳ್ಳೇದಕ್ಕೇ ಅಂದ.” ಶ್ರೀಕರ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. “ನೆರಳು ನೋಡೋಕೆ ಬಾರದವನಿಗೆ ಯಾರು ಚಿತ್ರ ಕೊಡ್ತಾರೆ ಸಾರ್? ಆ ಪರದೆ ಎದುರು ಕೂತಿದ್ರೆ ಮಾತ್ರ ನಾನು ಮನುಷ್ಯ. ಹೆದರಿಕೆ ಆಯ್ತು. ಒಂದು ಕ್ಷಣ ಬುದ್ಧಿ ಎಲ್ಲಿಗೋ…”

“ಒಂದು ಕ್ಷಣ ಅಲ್ಲ” ಎಂದ ಪೂರ್ಣೇಶ್. “ಮೂರು ನಿಮಿಷ ಹನ್ನೆರಡು ಸೆಕೆಂಡು ಕಂಬದ ಪಕ್ಕ ನಿಂತಿದ್ದೀರಿ.”

ಶ್ರೀಕರ ಮುಖ ತಿರುಗಿಸಿದ.

ಪೂರ್ಣೇಶ್ ಮೂಲದ ಪ್ರತಿಯನ್ನು ಹೂವಯ್ಯನ ಪರದೆಯ ಮೇಲೆ ಆಗಲೇ ನೋಡಿ ಬಂದಿದ್ದ. ಮೂಲದಲ್ಲಿ ಹನ್ನೊಂದಲ್ಲ, ನೂರಾರು ಅಂಕಿಗಳಿದ್ದವು. ಕಂಬದ ಗೆರೆ, ಮುಖ, ಅಂಗಿಯ ಗುಂಡಿ ಎಲ್ಲವೂ. ಅಲ್ಲಿ ಕಂಡದ್ದನ್ನು ಅವನು ಈಗ ಕೇಳಬೇಕಿತ್ತು, ಕೇಳಲು ಮನಸ್ಸಿರಲಿಲ್ಲ.

“ನೀವು ಕೈ ಮುಂದೆ ಚಾಚುತ್ತೀರಿ. ಅವನು ಬಂದು ಹಿಡಿಯುತ್ತಾನೆ. ಏನು ಹೇಳಿ ಕರೆದಿರಿ?”

ಶ್ರೀಕರ ಬಲಗೈಯನ್ನು ತೊಡೆಯಿಂದ ಎತ್ತಿ ಮತ್ತೆ ಅಲ್ಲೇ ಇಟ್ಟ.

“ಕಣ್ಣು ಕಾಣ್ತಿಲ್ಲ, ಆ ಕಡೆ ದಾಟಿಸು ಅಂದೆ.”

ನಿರಂಜನನ ಪೆನ್ನು ನಿಂತಿತು. ಎತ್ತರಕ್ಕೆ ನಡುಗುವವನು ಇಪ್ಪತ್ತಮೂರು ಅಡಿ ಬಿಟ್ಟು, ಕಾಣದವನ ಕೈ ಹಿಡಿದು, ಹಿಂಬದಿಯ ಕಿಂಡಿ ದಾಟಿ, ನಾಲ್ಕು ಹೆಜ್ಜೆ ಮುಂದೆ ನಡೆದಿದ್ದ. ಕರ್ಕೊಂಡು ಹೋಗಿದಾರೆ ಎಂದಿದ್ದಳು ಮೇಘನಾ. ಕರೆದುಕೊಂಡು ಹೋದವನು ನಿಶಾಂತನೇ. ಇದನ್ನು ಅವಳಿಗೆ ನಾಳೆ ಹೇಳಬೇಕು. ಹೇಳುವವನು ತಾನೇ ಎಂದು ಪೂರ್ಣೇಶ್ ಲೆಕ್ಕ ಹಾಕಿಕೊಂಡ.

ಹೇಳಿಕೆಯ ಕೊನೆಯಲ್ಲಿ ಸಮಯ ಬರೆಯಲು ಗಡಿಯಾರ ನೋಡಿದ. 6 ಗಂಟೆ 5 ನಿಮಿಷ. ಕಿಟಕಿಯಲ್ಲಿ ಬಿಸಿಲಿಳಿದಿದ್ದರೂ ಕಾಗದದ ಅಕ್ಷರ ಓದುವಷ್ಟು ಬೆಳಕು ಧಾರಾಳವಾಗಿತ್ತು. ದೀಪ ಹಾಕುವ ಹೊತ್ತು ಇನ್ನೂ ಆಗಿರಲಿಲ್ಲ.

ಶ್ರೀಕರ ತಲೆಯೆತ್ತಿ, ಎದುರಿಗೆ ಯಾರೂ ಇಲ್ಲದ ಗೋಡೆಯ ಕಡೆ ನೋಡುತ್ತ ಕೇಳಿದ.

“ಕರೆಂಟ್ ಹೋಯ್ತಾ ಸಾರ್?”

ನಿರಂಜನ ಎದ್ದುಹೋಗಿ ಸ್ವಿಚ್ ಒತ್ತಿದ.